ಮದುವೆ ಪಟ್ಟಿಗೆ ಕೊಟ್ರಯ್ಯನವರ ವಾರಾಬಂದಿ

ಹೊಸಪೇಟೆಯ ಮೇನ್ ಬಜಾರಿನ ಒಂದು ಸಂದಿಯಲ್ಲಿ ಮೂವತ್ತೆಂಟು ವರ್ಷದಿಂದ ಲಗ್ನಪತ್ರಿಕೆ ಅಚ್ಚು ಹಾಕುತ್ತಾ ಬಂದಿರುವ ನಾಗಭೂಷಣ ಎಂಬ ನಾನು ಮೊದಲಿಗೇ ಒಂದು ಮಾತು ಹೇಳಿಬಿಡುತ್ತೇನೆ. ಮದುವೆಯಲ್ಲಿ ಜಗಳ ಹುಟ್ಟುವುದು ಜಾತಕದಿಂದಲ್ಲ, ಸಾರಿಗೆ ಉಪ್ಪು ಹೆಚ್ಚಾದದ್ದರಿಂದಲೂ ಅಲ್ಲ. ಪತ್ರಿಕೆಯ ಕೆಳಗೆ ‘ತಮ್ಮ ಸುಖಾಗಮನ ಬಯಸುವವರು’ ಅಂತ ಇರುತ್ತದಲ್ಲ, ಅಲ್ಲಿ ಯಾರ ಹೆಸರು ಯಾರ ಮೇಲೆ ಬಂತು ಎಂಬುದರಿಂದ. ಕಮಲಾಪುರದ ಒಂದು ಮದುವೆಯಲ್ಲಿ ದೊಡ್ಡಪ್ಪನ ಹೆಸರು ಸೋದರಮಾವನ ಕೆಳಗೆ ಬಿತ್ತು. ದೊಡ್ಡಪ್ಪ ಮದುವೆಗೆ ಬಂದ, ಅಕ್ಷತೆ ಹಾಕಿದ, ಊಟದ ಹೊತ್ತಿಗೆ ಮಾತ್ರ ಎದುರಿನ ಹೋಟೆಲಿಗೆ ಹೋಗಿ ಎರಡು ಪ್ಲೇಟ್ ಒಗ್ಗರಣೆ ಮಂಡಕ್ಕಿ ತಿಂದು, ತಿಂದ ಸುದ್ದಿಯನ್ನು ಮಂಟಪಕ್ಕೆ ಹೇಳಿ ಕಳಿಸಿದ. ಆ ಎರಡು ಮನೆಗಳ ನಡುವೆ ಇವತ್ತಿಗೂ ಮಾತಿಲ್ಲ.

ಇಂಥ ನಮ್ಮ ಜನದ ಕೈಗೆ ವೆಬ್‌ಸೈಟು ಸಿಕ್ಕರೆ ಏನಾದೀತು ಎಂದು ಯಾರಾದರೂ ಮೊದಲೇ ಯೋಚಿಸಬೇಕಿತ್ತು. ಯಾರೂ ಯೋಚಿಸಲಿಲ್ಲ. ನಮ್ಮ ಸಮಾಜದ ಸಂಘದವರು ವಧೂವರರ ಜಾಲತಾಣ ಒಂದನ್ನು ಮಾಡಿಸಿಯೇಬಿಟ್ಟರು. ಮಾಡಿಕೊಟ್ಟವನು ಸ್ಟೇಷನ್ ರಸ್ತೆಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ಗಿರೀಶ್. ಅದನ್ನು ನೋಡಿಕೊಳ್ಳುವ ಜವಾಬ್ದಾರಿ ಬಿದ್ದದ್ದು ನನ್ನ ಪಕ್ಕದ ಮನೆಯ ಕೊಟ್ರಯ್ಯನವರ ತಲೆಯ ಮೇಲೆ.

ಕೊಟ್ರಯ್ಯನವರು ಟಿ.ಬಿ. ಡ್ಯಾಮಿನ ಕಾಲುವೆ ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಅವರಷ್ಟು ಒಳ್ಳೆಯ ಮನುಷ್ಯ ಪಟೇಲ್ ನಗರದಲ್ಲಿ ಇನ್ನೊಬ್ಬರಿಲ್ಲ, ಅವರಷ್ಟು ಹೆದರುವವರೂ ಇಲ್ಲ. ‘ಜನ ಏನಂದಾರು’ ಎಂಬುದೊಂದೇ ಅವರ ಮಂತ್ರ. ಎಡಗಡೆಯ ಮನೆಯವರಿಗೆ ನಮಸ್ಕಾರ ಮಾಡಿದರೆ ಬಲಗಡೆಯವರು ಬೇಜಾರಾದಾರು ಎಂದು ಬೀದಿಯ ನಟ್ಟನಡುವೆ ಆಕಾಶ ನೋಡುತ್ತಾ ನಡೆಯುವ ಪೈಕಿ. ಹಾಗೆ ನಡೆದು ಎರಡು ಸಲ ಎಮ್ಮೆಗೆ ಡಿಕ್ಕಿ ಹೊಡೆದಿದ್ದಾರೆ. ಎರಡು ಸಲವೂ ಎಮ್ಮೆಯ ಯಜಮಾನನ ಹತ್ತಿರ ಕ್ಷಮೆ ಕೇಳಿದ್ದಾರೆ.

ಅವರ ಹೆಂಡತಿ ರೇಣುಕಮ್ಮ. ಒಬ್ಬಳೇ ಮಗಳು ತ್ರಿವೇಣಿ, ಮೂವತ್ತು ವರ್ಷ, ದಿನಾ ಬಸ್ಸಿಗೆ ಹೋಗಿ ಕಂಪ್ಲಿಯ ಒಂದು ಕಾಲೇಜಿನಲ್ಲಿ ಗಣಿತ ಕಲಿಸುತ್ತಾಳೆ. ಜಾಣೆ, ಮಾತು ಕಮ್ಮಿ, ಆಡಿದರೆ ತೂಕದ ಮಾತು. ಬಂದ ವರಗಳೆಲ್ಲ ‘ಕೆಲಸ ಬಿಡಬೇಕು’ ಎಂದು ಶುರು ಮಾಡುತ್ತಿದ್ದರು, ಅವಳು ‘ಹಂಗಾದ್ರ ಬ್ಯಾಡ’ ಎಂದು ಮುಗಿಸುತ್ತಿದ್ದಳು. ಈಗ ರೇಣುಕಮ್ಮನ ಅಣ್ಣ, ಸಂಡೂರಿನ ವಿರುಪಾಕ್ಷಪ್ಪ, ಬಳ್ಳಾರಿಯ ಜೀನ್ಸ್ ಕಾರ್ಖಾನೆಯ ಮಾಲೀಕನ ಸಂಬಂಧವೊಂದನ್ನು ಹಿಡಿದುಕೊಂಡು ಬಂದು ಕೂತಿದ್ದರು. ವರನಿಗೆ ನಲವತ್ತೆರಡು. ಅವನದೂ ಅದೇ ಷರತ್ತು, ಕಾಲೇಜು ಬಿಡಬೇಕು.

“ಎರಡು ತಿಂಗಳು ಟೈಮ್ ಕೊಡ್ತೀನಿ” ಎಂದರು ವಿರುಪಾಕ್ಷಪ್ಪ. “ಸಂಘದ ಸರ್ವಸಾಧಾರಣ ಸಭೆ ದಿನ ನನಗ ಉತ್ತರ ಬೇಕು. ಅಷ್ಟರಾಗ ಬ್ಯಾರೆ ಒಂದು ಸಂಬಂಧ ಹುಡುಕ್ರಿ, ನಾ ಬಾಯಿ ಮುಚ್ಕೊಂಡು ಹೋಗ್ತೀನಿ. ಇಲ್ಲಾಂದ್ರ ಹ್ಞೂಂ ಅನ್ರಿ. ಮೂವತ್ತು ದಾಟಿದ ಹುಡುಗೀಗೆ ಯಾರು ಕಾಯ್ಕೊಂಡು ಕುಂದಿರ್ತಾರ?”

ಕೊಟ್ರಯ್ಯನವರು ತಲೆ ಅಲ್ಲಾಡಿಸಿದರು. ಅದು ಹ್ಞೂಂ ಎಂದೋ ಉಹ್ಞೂಂ ಎಂದೋ ಅವರಿಗೂ ಗೊತ್ತಿರಲಿಲ್ಲ.

ಆಗಲೇ ಈ ಜಾಲತಾಣದ ಕೆಲಸ ಬಂದದ್ದು. ತ್ರಿವೇಣಿಯ ವಿವರವನ್ನೂ ಅದರಲ್ಲಿ ಹಾಕಿದರು, ಫೋನ್ ನಂಬರ್ ರೇಣುಕಮ್ಮನದು. ಎರಡು ತಿಂಗಳೊಳಗೆ ಎಲ್ಲಿಂದಾದರೂ ಒಂದು ಒಳ್ಳೆಯ ವಿಚಾರಣೆ ಬಂದರೆ ಮಗಳು ಬದುಕಿದಳು ಎಂದು ಗಂಡ ಹೆಂಡತಿ ಇಬ್ಬರೂ ಮನೆದೇವರಿಗೆ ಹರಕೆ ಹೊತ್ತರು.

ಗಿರೀಶ್ ಅರ್ಧ ಗಂಟೆ ಪಾಠ ಹೇಳಿದ. ಹೀಗೆ ಒಳಗೆ ಹೋಗಬೇಕು, ಇದಕ್ಕೆ ಅಡ್ಮಿನ್ ಎನ್ನುತ್ತಾರೆ, ಇಲ್ಲಿ ಎಲ್ಲರ ಪಟ್ಟಿ ಇರುತ್ತದೆ, ಒಂದೊಂದು ಹೆಸರು ಒತ್ತಿದರೆ ಅವರ ವಿವರ ತೆರೆಯುತ್ತದೆ, ತಿದ್ದಿ ‘ಸೇವ್’ ಒತ್ತಬೇಕು. ಅಷ್ಟು ಹೇಳಿ ಚಹಾ ಕುಡಿದು ಹೋದ.

ಮಾರನೆಯ ದಿನ ಸಂಘದ ಕಚೇರಿಯಲ್ಲಿ ಪಟ್ಟಿ ತೆರೆದ ಕೊಟ್ರಯ್ಯನವರು ಕುರ್ಚಿಯಿಂದ ಎದ್ದೇಬಿಟ್ಟರು. ನಿನ್ನೆ ಮೇಲಿದ್ದವರು ಇವತ್ತು ಮೂರನೆಯ ಸಾಲಿಗೆ ಇಳಿದಿದ್ದಾರೆ! ರಾತ್ರಿ ಹೊಸದಾಗಿ ಸೇರಿದ ಇಬ್ಬರು ಮೊದಲನೆಯ ಜಾಗದಲ್ಲಿ ರಾಜಾರೋಷವಾಗಿ ಕೂತಿದ್ದಾರೆ! ತಿಂಗಳ ಹಿಂದೆಯೇ ಹೆಸರು ಕೊಟ್ಟ ಪಾಪದವರು ಎಲ್ಲೋ ಪಾತಾಳದಲ್ಲಿ!

ಅವರು ಸೀದಾ ನನ್ನ ಪ್ರೆಸ್ಸಿಗೆ ಓಡಿ ಬಂದರು.

“ನಾಗಭೂಷಣ, ಇದು ಅನ್ಯಾಯ ಅಲ್ಲೇನು? ನಮ್ಮ ಕಾಲುವಿ ಕಥಿನ ಆತು. ಮ್ಯಾಲಿನ ಹೊಲದವ ಗದ್ದಿ ತುಂಬ ನೀರು ಹೊಡ್ಕೋತಾನ, ಟೇಲ್ ಎಂಡಿನವ ಬಾಯಿ ಬಾಯಿ ಬಡ್ಕೋತಾನ. ಮ್ಯಾಲಿದ್ದೋರಿಗೆ ವರ, ಕೆಳಗಿದ್ದೋರಿಗೆ ಬರ!”

ಇಲ್ಲಿ ನನ್ನ ಪಾಲಿನ ಪಾಪವನ್ನೂ ಒಪ್ಪಿಕೊಳ್ಳಬೇಕು. ‘ಅಡ್ಮಿನ್‌ನಲ್ಲಿ ಕಾಣುವುದೇ ಹೊರಗೂ ಕಾಣುತ್ತದೋ ಇಲ್ಲವೋ ಗಿರೀಶನನ್ನು ಕೇಳು’ ಎಂದು ಹೇಳುವ ಬುದ್ಧಿ ನನಗೆ ಇರಲಿಲ್ಲ. ಅದರ ಬದಲು ಮೂವತ್ತೆಂಟು ವರ್ಷದ ಅನುಭವವನ್ನೆಲ್ಲ ಒಟ್ಟುಗೂಡಿಸಿ ಹೇಳಿದೆ: “ಕೊಟ್ರಯ್ಯ, ಲಗ್ನಪತ್ರಿಕಿ ಇರ್ಲಿ, ಇಂಟರ್ನೆಟ್ ಇರ್ಲಿ, ಹೆಸರು ಮ್ಯಾಲಿದ್ರನ ಮರ್ಯಾದಿ. ಏನರ ಒಂದು ವ್ಯವಸ್ಥಾ ಮಾಡು.”

ವ್ಯವಸ್ಥೆ ಎಂದರೆ ಕೊಟ್ರಯ್ಯನವರಿಗೆ ಗೊತ್ತಿದ್ದದ್ದು ಒಂದೇ, ವಾರಾಬಂದಿ. ಇಂಥ ದಿನ ಇಂಥವರ ಹೊಲಕ್ಕೆ ನೀರು ಎಂದು ಸರದಿ ಕಟ್ಟಿಬಿಡುವುದು. ಅವರು ಅಡ್ಮಿನ್ ತುಂಬ ತಡಕಾಡಿ, ಸೆಟ್ಟಿಂಗ್ಸ್ ಎಂಬ ಜಾಗದಲ್ಲಿ ‘ಪಟ್ಟಿಯ ಮೂಲ ಕ್ರಮ’ ಎಂಬ ಸಾಲನ್ನು ಪತ್ತೆ ಹಚ್ಚಿದರು. ಹೊಸದು ಮೊದಲು, ಹಳೆಯದು ಮೊದಲು, ಹೆಸರಿನ ಪ್ರಕಾರ, ಇಲ್ಲವೇ ನೀವು ಕೊಟ್ಟ ಸಂಖ್ಯೆಯ ಪ್ರಕಾರ. ಕೊನೆಯದನ್ನು ಒತ್ತಿದರು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೂ ಏನೋ ಬರೆದಿತ್ತಂತೆ. ಸಣ್ಣ ಅಕ್ಷರದ ಕನ್ನಡಕ ಅಂದು ಮನೆಯಲ್ಲಿತ್ತು.

ಅಲ್ಲಿಂದ ಶುರುವಾಯಿತು ನೋಡಿ ನಿತ್ಯದ ತಪಸ್ಸು. ಒಟ್ಟು ನೂರಾ ನಲವತ್ತಮೂರು ವಧೂವರರು. ಬೆಳಿಗ್ಗೆ ಹತ್ತಕ್ಕೆ ಕೊಟ್ರಯ್ಯನವರು ಕೈಕಾಲು ತೊಳೆದು ಕೂರುತ್ತಿದ್ದರು. ಅವತ್ತಿನ ಸರದಿಯ ಪ್ರಕಾರ ಒಂದನೆಯವರ ವಿವರ ತೆರೆದು, ಸಂಖ್ಯೆ ಹೊಡೆದು, ಸೇವ್. ಆಮೇಲೆ ಎರಡನೆಯವರು, ಸೇವ್. ಮೂರನೆಯವರು, ಸೇವ್. ಹೀಗೆ ನೂರಾ ನಲವತ್ತೆರಡು ಮುಗಿಯುವ ಹೊತ್ತಿಗೆ ಮಧ್ಯಾಹ್ನ ಒಂದೂವರೆ. ಕಟ್ಟಕಡೆಗೆ ಒಂದು ಹೆಸರು ಉಳಿಯುತ್ತಿತ್ತು, ತ್ರಿವೇಣಿ. ಉಳಿದವರ ಸರದಿ ದಿನಾ ತಿರುಗುತ್ತಿತ್ತು, ಅವಳದು ತಿರುಗುತ್ತಿರಲಿಲ್ಲ. ನೂರಾ ನಲವತ್ತಮೂರು, ಸೇವ್.

“ಮಗಳನ್ನ ಯಾಕೋ ತಳಕ್ಕ ಹಾಕ್ತಿ?” ಎಂದು ನಾನೇ ಒಂದು ದಿನ ರೇಗಿದೆ. “ಅಕಿಗೂ ಸರದಿ ಇಲ್ಲೇನು? ಎರಡು ತಿಂಗಳಿನ ಗಡುವು ಮರ್ತಿಯೇನು?”

“ಪಟ್ಟಿ ನನ್ನ ಕೈಯಾಗ ಐತಿ ನಾಗಭೂಷಣ. ನನ್ನ ಮಗಳು ಒಂದು ದಿನ ಮ್ಯಾಲೆ ಕುಂತ್ಲಂದ್ರ ಜನ ಏನಂದಾರು?”

ಏನನ್ನುತ್ತಿದ್ದರೋ ಗೊತ್ತಿಲ್ಲ. ವಾರಾಬಂದಿಯ ಸುದ್ದಿ ಹಬ್ಬಿದ ಮೇಲೆ ಜನ ಕೊಟ್ರಯ್ಯನವರ ಬಗ್ಗೆ ಅಂದದ್ದೆಲ್ಲ ಹೊಗಳಿಕೆಯೇ. ಯಾಕೆಂದರೆ ಎಲ್ಲರಿಗೂ ಅವರಿಂದ ಒಂದು ಕೆಲಸ ಆಗಬೇಕಿತ್ತು.

ಮೊದಲು ಬಂದವರು ಸಂಡೂರಿನ ಲಾರಿ ಮಾಲೀಕ ಗವಿಸಿದ್ದಪ್ಪ. ಒಂದು ಗೊನೆ ಸುಗಂಧಿ ಬಾಳೆಹಣ್ಣನ್ನು ಕಚೇರಿಯ ಮೇಜಿನ ಮೇಲೆ ಇಟ್ಟರು. ಕೀಬೋರ್ಡು ಅದರ ಅಡಿಯಲ್ಲಿ ಮುಚ್ಚಿಹೋಯಿತು.

“ನನ್ನ ಮಗಂದು ಸೋಮವಾರ ಸರದಿ ಬಂದೈತಂತ. ಸೋಮವಾರ ಅವಗ ಆಗಿ ಬರಂಗಿಲ್ರೀ. ಗುರುವಾರಕ್ಕ ಮಾಡ್ರಿ, ಬೆಳಿಗ್ಗಿ ಹತ್ತರಿಂದ ಹನ್ನೊಂದರ ಮಟ ಮ್ಯಾಲೆ ಇಡ್ರಿ. ಅದರ ಮುಂದ ನೀವು ಎಲ್ಲಿ ಇಟ್ರೂ ನಡೀತೈತಿ.”

ಆ ಗುರುವಾರ ಗವಿಸಿದ್ದಪ್ಪ ಸಂಸಾರ ಸಮೇತ ಬಂದರು. ಪರದೆಯ ಮೇಲೆ ಮೊದಲನೆಯ ಸಾಲಿನಲ್ಲಿ ಮಗನ ಹೆಸರು ನೋಡಿ ಅವರ ಹೆಂಡತಿ ಕಣ್ಣೊರೆಸಿಕೊಂಡು, ಕಂಪ್ಯೂಟರಿಗೆ ಕುಂಕುಮ ಇಟ್ಟು, ಊದುಬತ್ತಿ ಬೆಳಗಿದರು. ಹನ್ನೊಂದರವರೆಗೂ ಬೆಂಚಿನ ಮೇಲೆ ಕೂತು ದರ್ಶನ ಮಾಡಿದರು. ಯಾರೋ ಅದರ ಫೋಟೋ ಹೊಡೆದು ವಾಟ್ಸ್ಯಾಪಿಗೆ ಹಾಕಿದರು. ಮಾರನೆಯ ದಿನದಿಂದ ಕಚೇರಿಯ ಮುಂದೆ ಚಪ್ಪಲಿ ಬಿಡಲು ಜಾಗ ಸಾಲಲಿಲ್ಲ.

ಒಬ್ಬ ಕಂದಾಯ ನಿರೀಕ್ಷಕರು ತಮ್ಮ ತಮ್ಮನಿಗೆ ಐದರೊಳಗಿನ ಸ್ಥಾನ ಬೇಕೆಂದು ಮೂರು ಪ್ರತಿಯಲ್ಲಿ ಅರ್ಜಿ ಬರೆದು, ತಮ್ಮ ಕೈಯಲ್ಲೇ ಶಿಫಾರಸು ಮಾಡಿ, ತಮ್ಮ ಕೈಯಲ್ಲೇ ತಂದುಕೊಟ್ಟರು. ಕೊಟ್ರಯ್ಯನವರಿಗೆ ಕಚೇರಿಯ ದಿನಗಳು ನೆನಪಾಗಿ ಕಣ್ಣು ತುಂಬಿತು. ಅರ್ಜಿಗೆ ನಂಬರ್ ಹಾಕಿ, ಸೀಲು ಒತ್ತಿ, ಸ್ವೀಕೃತಿ ಕೊಟ್ಟರು.

ಆಮೇಲೆ ಬಂದವರು ಸ್ವತಃ ಸಂಘದ ಅಧ್ಯಕ್ಷರು, ಕಂಪ್ಲಿಯ ರೈಸ್‌ಮಿಲ್ಲಿನ ನಾಗೇಂದ್ರಪ್ಪ. ಅವರ ಮಗಳು ಸುನಿತಾ ಅವತ್ತು ಎಂಬತ್ತೇಳನೆಯ ಸಾಲಿನಲ್ಲಿದ್ದಳು.

“ಎಂಬತ್ತೇಳು!” ಎಂದರು ನಾಗೇಂದ್ರಪ್ಪ. “ಕೊಟ್ರಯ್ಯ, ನಾ ಯಾರು?”

“ಅಧ್ಯಕ್ಷರು ರೀ.”

“ಅಧ್ಯಕ್ಷರು ಎಲ್ಲಿ ಕುಂದಿರ್ತಾರ?”

“ನಟ್ಟನಡುವ ರೀ.”

“ಅದು ಸ್ಟೇಜಿನ ಮ್ಯಾಲಪ್ಪಾ! ಪಟ್ಟಿಯಾಗ ಎಲ್ಲಿರ್ತಾರ?”

ಸುನಿತಾ ಅಂದಿನಿಂದ ಕಾಯಂ ಒಂದನೆಯ ಸ್ಥಾನಕ್ಕೆ ಹೋದಳು. ಎರಡನೆಯ ಸ್ಥಾನ ಕಾಯಂ ಆಗಿ ಸಿದ್ದಲಿಂಗೇಶ್ ಎಂಬ ವರನಿಗೆ ಸಿಕ್ಕಿತು. ಅವನು ನನ್ನ ತಂಗಿಯ ಮಗ. ನಾನು ಶಿಫಾರಸು ಗಿಫಾರಸು ಮಾಡಲಿಲ್ಲ. ಸಂಘಕ್ಕೆ ಬೇಕಾದ ಲೆಟರ್‌ಹೆಡ್ ನನ್ನ ಪ್ರೆಸ್ಸಿನಲ್ಲಿ ಸ್ವಲ್ಪ ತಡವಾಗಬಹುದು ಎಂದಷ್ಟೇ ಹೇಳಿದ್ದೆ.

ಇಷ್ಟು ಜನರಲ್ಲಿ ಒಬ್ಬರಾದರೂ ಜಾಲತಾಣವನ್ನು ತಮ್ಮ ಫೋನಿನಲ್ಲಿ ತೆರೆದು ನೋಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಮ್ಮಲ್ಲಿ ಹಾಗೆಲ್ಲ ನೋಡುವ ಪದ್ಧತಿಯಿಲ್ಲ. ಬಸ್ಸಿನ ಬೋರ್ಡು ಎದುರಿಗಿದ್ದರೂ ಪಕ್ಕದವರನ್ನು ‘ಇದು ಎಲ್ಲಿಗೆ ಹೊಕ್ಕೈತಿ’ ಎಂದು ಕೇಳಿ ಹತ್ತುವವರು ನಾವು. ಕೊಟ್ರಯ್ಯನವರ ಪರದೆ ನೋಡಿದ ಮೇಲೆ ಫೋನ್ ನೋಡುವುದು ಅವರಿಗೆ ಅವಮಾನ ಮಾಡಿದ ಹಾಗೆ. ಮದುವೆಯಾಗಬೇಕಾದ ಹುಡುಗ ಹುಡುಗಿಯರಂತೂ ನಾಚಿಕೆಯಿಂದ ಆ ಕಡೆ ತಲೆಯೇ ಹಾಕಲಿಲ್ಲ. ನೋಡುತ್ತಿದ್ದವರೆಲ್ಲ ಹೊರಗಿನವರು, ಗಂಗಾವತಿ, ಕೊಪ್ಪಳ, ದಾವಣಗೆರೆ, ಚೋರನೂರಿನ ಕಡೆಯ ವರಾನ್ವೇಷಕರು, ವಧುವಿನ ಅನ್ವೇಷಕರು.

ಇನ್ನು ಮನೆಯ ಕಥೆ. ನಿಷ್ಪಕ್ಷಪಾತಕ್ಕೆ ಭಂಗ ಬರಬಾರದೆಂದು ಕೊಟ್ರಯ್ಯನವರು ಫೋನ್ ಆಫ್ ಮಾಡಿ ಇಟ್ಟರು. ಜನ ಬಿಡುತ್ತಾರೆಯೇ? ರೇಣುಕಮ್ಮನ ನಂಬರ್ ಹಿಡಿದರು. ಬೆಳಿಗ್ಗೆ ರೊಟ್ಟಿ ಬಡಿಯುವಾಗ ಶುರುವಾದರೆ ಸಂಜೆ ದೀಪ ಹಚ್ಚುವವರೆಗೆ ಫೋನು ಬಡಿದುಕೊಳ್ಳುತ್ತಲೇ ಇರುತ್ತಿತ್ತು. ಮೊದಲ ಮೂರು ದಿನ ಆಕೆ ಎಲ್ಲರ ಮಾತನ್ನೂ ಪೂರ್ತಿ ಕೇಳಿದರು. ನಾಲ್ಕನೆಯ ದಿನ ರೊಟ್ಟಿ ಸೀದುಹೋಯಿತು. ಐದನೆಯ ದಿನದಿಂದ ಕೇಳುವುದನ್ನೇ ಬಿಟ್ಟರು. ನಡುವೆ ಒಂದೇ ಗೋಡೆ, ನನಗೆ ಎಲ್ಲ ಕೇಳಿಸುತ್ತಿತ್ತು.

“ಹಲೋ ಅಮ್ಮಾರ, ನಮ್ಮ ಹುಡುಗನ ವಿಷಯ—”

“ಮ್ಯಾಲೆ ಹಾಕಂಗಿಲ್ಲ. ಇಡ್ರಿ ಫೋನು!”

“ನಮಸ್ಕಾರ ರೀ, ವೆಬ್‌ಸೈಟಿನಾಗ ನೋಡಿದ್ವಿ—”

“ನೋಡಿದ್ರೂ ಅಷ್ಟ, ಬಿಟ್ರೂ ಅಷ್ಟ. ಮ್ಯಾಲೆ ಹಾಕಂಗಿಲ್ಲ. ಇಡ್ರಿ ಫೋನು!”

ಎರಡು ತಿಂಗಳು ಹೀಗೆ ಕಳೆಯಿತು. ಮನೆಯ ಬಾಗಿಲಿಗೆ ಒಬ್ಬ ವರನ ಕಡೆಯವರೂ ಬರಲಿಲ್ಲ. ಸಭೆಗೆ ಮೂರು ದಿನ ಉಳಿದಿತ್ತು. ಅವತ್ತು ಸಂಜೆ ರೇಣುಕಮ್ಮ ಗೋಡೆಯ ಆಚೆ ಕಡೆ ಅತ್ತದ್ದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

“ಊರ ಮಕ್ಕಳನ್ನೆಲ್ಲ ದಿನಾ ಎತ್ತಿ ಎತ್ತಿ ಮ್ಯಾಲೆ ಕುಂದ್ರಿಸಿದ್ರಿ. ಹೆತ್ತ ಮಗಳನ್ನ ಟೇಲ್ ಎಂಡಿಗೆ ದಬ್ಬಿದ್ರಿ. ನಿಮ್ಮ ಕಾಲುವಿಯಾಗ ನನ್ನ ಕೂಸು ಒಣಗಿ ಹೋಯ್ತಲ್ರೀ! ಈಗ ಅಣ್ಣ ಬರ್ತಾನ, ಹ್ಞೂಂ ಅನ್ರಿ, ಮತ್ತೇನು ಅಂತೀರಿ?”

ತ್ರಿವೇಣಿ “ಅವ್ವಾ, ಪೇಪರ್ ತಿದ್ದೋದೈತಿ, ಸ್ವಲ್ಪ ಸಣ್ಣಕ ಅಳು” ಎಂದಳು.

ಭಾನುವಾರ ಬಂತು. ಸಂಘದ ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ವಿರುಪಾಕ್ಷಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ, ಉತ್ತರ ಇಸಿದುಕೊಂಡೇ ಹೋಗುವವರ ಹಾಗೆ ಕೂತಿದ್ದರು. ಹೆಂಗಸರ ಸಾಲಿನಲ್ಲಿ ರೇಣುಕಮ್ಮ, ತ್ರಿವೇಣಿ. ಪ್ರಾರ್ಥನೆ ಮುಗಿಯಿತು. ಸ್ವಾಗತ ಭಾಷಣಕ್ಕೆ ಬಾಯಿ ತೆರೆಯುವಷ್ಟರಲ್ಲಿ ಅಧ್ಯಕ್ಷ ನಾಗೇಂದ್ರಪ್ಪ ಫೋನನ್ನು ಕಿವಿಗೆ ಒತ್ತಿಕೊಂಡೇ ಎದ್ದು ನಿಂತರು. ಆ ಕಡೆ ದಾವಣಗೆರೆಯಲ್ಲಿದ್ದ ಅವರ ಹಿರಿಯ ಅಳಿಯ. ಅಧ್ಯಕ್ಷರ ಮುಖ ಮೊದಲು ಕೆಂಪಾಯಿತು, ಆಮೇಲೆ ನೀಲಿಯಾಯಿತು.

“ಕೊಟ್ರಯ್ಯಾ! ನನ್ನ ಅಳಿಯ ವೆಬ್‌ಸೈಟು ತೆಗದು ನೋಡಾಕ್ಹತ್ಯಾನ. ಸುನಿತಾ ಎಲ್ಲೈತಿ ಅಂದ್ರ ಕಟ್ಟಕಡೀಕ ಐತಂತ! ಕೊನೇ ಪುಟದ ಕೊನೇ ಹೆಸರು!”

“ಸಾಧ್ಯನ ಇಲ್ರೀ! ಮುಂಜಾನೆದ್ದು ನಾನ ಒಂದನೇ ನಂಬರ್ ಹೊಡದೀನಿ!”

ಗಿರೀಶನನ್ನು ಕರೆಸಿದರು. ಅಂಗಡಿ ಮುಚ್ಚಿ ಊಟಕ್ಕೆ ಕೂತವನು ಕೈ ತೊಳೆದುಕೊಂಡು ಬಂದ. ಗೋಡೆಯ ಮೇಲೆ ದೊಡ್ಡದಾಗಿ ಕಾಣುವ ಹಾಗೆ ಪ್ರೊಜೆಕ್ಟರ್ ಹಚ್ಚಿ, ಲೋಕಕ್ಕೆಲ್ಲ ಕಾಣುವ ಪುಟವನ್ನು ತೆರೆದ.

ಮೊದಲನೆಯ ಸಾಲಿನಲ್ಲಿ, ಅರ್ಧ ಗೋಡೆಯಷ್ಟು ದೊಡ್ಡ ಫೋಟೋದೊಂದಿಗೆ, ತ್ರಿವೇಣಿ.

ಸಭಾಂಗಣದ ಕುರ್ಚಿಗಳೆಲ್ಲ ಒಮ್ಮೆಗೇ ಸರಿದವು. ಮರುಕ್ಷಣ ಹಂಚು ಹಾರುವಂಥ ಗದ್ದಲ.

“ಅಬ್ಬಬ್ಬಬ್ಬ! ನುಂಗಣ್ಣ ಅಂದ್ರ ಇವನಪ್ಪಾ!” “ನಮಗ ಪರದಿ ತೋರಿಸಿ ಮಗಳಿಗೆ ಪೀಠ!” “ನನ್ನ ಬಾಳಿಗೊನಿ ವಾಪಸ್ ಕೊಡ್ರಿ!” ಕೊನೆಯ ದನಿ ಗವಿಸಿದ್ದಪ್ಪನದು.

ಕೊಟ್ರಯ್ಯನವರು ಎದ್ದು ನಿಂತರು. “ದೇವರಾಣಿ ರೀ, ಮನಿದೇವರಾಣಿ! ನನ್ನ ಮಗಳನ್ನ ನೂರಾ ನಲವತ್ತಮೂರಕ್ಕ ಹಾಕೀನಿ. ದಿನಾ ಹಾಕೀನಿ. ಬೇಕಾದ್ರ ಒಳಗ ನೋಡ್ರಿ!”

ಗಿರೀಶ್ ಒಳಗೂ ತೆರೆದ. ಅಲ್ಲಿ ಸುನಿತಾ ಒಂದು, ಸಿದ್ದಲಿಂಗೇಶ್ ಎರಡು, ತ್ರಿವೇಣಿ ನೂರಾ ನಲವತ್ತಮೂರು. ಗಿರೀಶ್ ತಲೆ ಕೆರೆದುಕೊಂಡ, ಹೊರಗಿನದನ್ನು ನೋಡಿದ, ಮತ್ತೆ ಒಳಗಿನದನ್ನು ನೋಡಿದ. ಅವನಿಗೆ ಅರ್ಥವಾದದ್ದು ಅವನ ಮುಖದ ಮೇಲೆಯೇ ಕಂಡಿತು, ಯಾಕೆಂದರೆ ನಗು ತಡೆಯಲು ಅವನು ಕರವಸ್ತ್ರ ತೆಗೆದ.

“ಕೊಟ್ರಯ್ಯನೋರ, ಈ ಒಳಗಿನ ಕ್ರಮ ಐತಲ್ರೀ, ಇದು ನೀವೊಬ್ರೇ ನೋಡೋದು. ನಿಮ್ಮ ಕೆಲಸಕ್ಕ ಅನುಕೂಲ ಆಗ್ಲಿ ಅಂತ. ಅಡಿಗಿಮನ್ಯಾಗ ಡಬ್ಬಿ ಹೆಂಗ ಜೋಡಿಸ್ಕೊಂಡ್ರ ಹೊರಗ ಊಟಕ್ಕ ಕುಂತೋರಿಗೆ ಏನು ಗೊತ್ತಾಕ್ಕೈತಿ? ಹೊರಗಿನ ಪಟ್ಟೀಗೆ ಬ್ಯಾರೆ ಲೆಕ್ಕ ಐತಿ. ಯಾರ ವಿವರ ಕೊನೀಗೆ ಸೇವ್ ಆಗಿರ್ತೈತೋ ಅವರು ಮೊದಲು.”

“ಅಂದ್ರ?” ಎಂದರು ಅಧ್ಯಕ್ಷರು.

“ಅಂದ್ರ, ಇವ್ರು ದಿನಾ ನಿಮ್ಮ ಮಗಳನ್ನ ಎಲ್ಲಾರಿಗಿಂತ ಮೊದಲು ಸೇವ್ ಮಾಡ್ಯಾರ. ಅಕಿ ಎಲ್ಲಾರಿಗಿಂತ ಕೆಳಗ ಹೋಗ್ಯಾಳ. ಇವ್ರ ಮಗಳನ್ನ ಎಲ್ಲಾರಿಗಿಂತ ಕೊನೀಗೆ ಮಾಡ್ಯಾರ. ಪಟ್ಟಿ ತಲಿಕೆಳಗ ನಿಂತೈತಿ, ಅಷ್ಟ ರೀ.”

“ಹಂಗಾದ್ರ,” ಗವಿಸಿದ್ದಪ್ಪ ನಿಧಾನಕ್ಕೆ ಎದ್ದರು, “ನಾವು ಕುಂಕುಮ ಹಚ್ಚಿ ಊದುಬತ್ತಿ ಬೆಳಗಿದ್ದು?”

“ಅದು ಕೊಟ್ರಯ್ಯನೋರ ಡಬ್ಬಿಗೆ ರೀ.”

ಸಭೆ ನಕ್ಕಿತು. ನಾನೂ ನಕ್ಕೆ. ಇಷ್ಟು ದಿನವೂ ನನ್ನ ತಂಗಿಯ ಮಗ ಕೊನೆಯಿಂದ ಎರಡನೆಯವನಾಗಿದ್ದಾನೆ ಎಂಬುದು ಹೊಳೆದ ಮೇಲೆ ನಿಲ್ಲಿಸಿದೆ.

ಆಗ ವಿರುಪಾಕ್ಷಪ್ಪ ಎದ್ದರು. ಆ ಮನುಷ್ಯ ನಗಲಿಲ್ಲ.

“ಎಲ್ಲಾರೂ ಕೇಳ್ರಿ. ಇಷ್ಟು ದಿನ ತಳದಾಗ ಇದ್ಲು, ಅದಕ್ಕ ಯಾರೂ ಬರ್ಲಿಲ್ಲ ಅನ್ಕೊಂಡಿದ್ವಿ. ಈಗ ಗೊತ್ತಾತು, ಎರಡು ತಿಂಗಳು ಮೊದಲನೇ ಸ್ಥಾನದಾಗ ಕುಂತಿದ್ಲು. ಆದ್ರೂ ಒಂದು ವರ ಬರ್ಲಿಲ್ಲ. ಇದರ ಮ್ಯಾಲೆ ಇನ್ನೇನು ಹೇಳೋದೈತಿ? ಬಳ್ಳಾರಿಯೋರು ಹ್ಞೂಂ ಅಂದಿದ್ದು ನಮ್ಮ ಪುಣ್ಯ. ಕೊಟ್ರಯ್ಯ, ಮಾತು ಕೊಡ್ರಿ, ಇಲ್ಲೇ ತಾಂಬೂಲ ಬದಲಿಸೋಣ.”

ರೇಣುಕಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. ಗೋಡೆಯ ಮೇಲೆ ತ್ರಿವೇಣಿಯ ಫೋಟೋ ದೊಡ್ಡದಾಗಿ ನಗುತ್ತಿತ್ತು, ಕುರ್ಚಿಯ ಮೇಲಿದ್ದ ತ್ರಿವೇಣಿ ನೆಲ ನೋಡುತ್ತಿದ್ದಳು. ಛೆ, ಶತ್ರುವಿಗೂ ಬೇಡ ಅಂಥ ಗಳಿಗೆ.

“ಯಾರ್ರೀ ಅದು ಬರ್ಲಿಲ್ಲ ಅಂದಿದ್ದು?”

ಹಿಂದಿನ ಸಾಲಿನಿಂದ ಬಂದ ದನಿ. ಇಳಕಲ್ ಸೀರೆಯುಟ್ಟ ಹಿರಿಯ ಹೆಂಗಸೊಬ್ಬರು ಎದ್ದು, ಕುರ್ಚಿಗಳನ್ನು ಸರಿಸುತ್ತಾ ಮುಂದೆ ಬಂದರು.

“ನಾ ಚೋರನೂರಿನ ಕೊಟ್ರಬಸಮ್ಮ. ನನ್ನ ಮಗ ಮುರುಗೇಶ ದೋಣಿಮಲೈ ಗಣಿಯಾಗ ಎಲೆಕ್ಟ್ರಿಷಿಯನ್ ಅದಾನ. ಈ ಹುಡುಗೀನ ಫೋನಿನಾಗ ನೋಡಿ, ಓದಿದಾಕಿ, ಲೆಕ್ಕ ಕಲಸಾಕಿ, ಕೇಳವ್ವಾ ಅಂದ. ಹನ್ನೊಂದು ಸಲ ಫೋನ್ ಮಾಡೀನಿ ರೀ. ಹನ್ನೊಂದು! ಬಾಯಿ ತಗಿಯಾಕ ಬಿಡಂಗಿಲ್ಲ. ‘ಮ್ಯಾಲೆ ಹಾಕಂಗಿಲ್ಲ, ಇಡ್ರಿ ಫೋನು’! ಏನು ಮ್ಯಾಲೆ ಹಾಕಂಗಿಲ್ಲ? ನಾ ಯಾರ ಮ್ಯಾಲೆ ಏನು ಹಾಕು ಅಂದಿದ್ದೆ? ಇವತ್ತು ಬಸ್ ಹತ್ತಿ ಕಂಪ್ಲೇಂಟ್ ಕೊಡಾಕಂತ ಬಂದೀನಿ.”

“ನಮಗೂ ಹಂಗ ಅಂದಾರ!” ಗಂಗಾವತಿಯಿಂದ ಬಂದಿದ್ದ ಒಬ್ಬರು ಕೂಗಿದರು. “ನಾಲ್ಕು ಸಲ!” “ನಮ್ಮ ಭಾವನೋರಿಗೆ ಆರು ಸಲ ರೀ! ಅವ್ರಿಗೆ ಬಿ.ಪಿ. ಬಂತು!”

ಎಲ್ಲರ ಕಣ್ಣು ರೇಣುಕಮ್ಮನ ಕಡೆ ತಿರುಗಿತು. ಆಕೆ ಫೋನನ್ನೂ ಕೊಟ್ರಬಸಮ್ಮನನ್ನೂ ಬದಲಿಸಿ ಬದಲಿಸಿ ನೋಡುತ್ತಾ, “ಅಯ್ಯ ಶಿವನ, ಅವೆಲ್ಲ ನಮ್ಮ ಕೂಸಿಗೆ ಬಂದಿದ್ದೇನು?” ಎಂದು ಕುರ್ಚಿಯಲ್ಲಿ ಕುಸಿದರು.

ಆಕೆ ಅಳುತ್ತಿದ್ದರೋ ನಗುತ್ತಿದ್ದರೋ ಹೇಳುವುದು ಕಷ್ಟವಿತ್ತು. ಪಕ್ಕದ ಹೆಂಗಸರು ನೀರು ಕೊಟ್ಟು, ಗಾಳಿ ಹಾಕಿ, ತಾವೂ ನಗಲು ಶುರು ಮಾಡಿದರು. ಕೊಟ್ರಬಸಮ್ಮನೂ ಕೊನೆಗೆ ನಕ್ಕರು. “ನಗಬ್ಯಾಡ್ರಿ ನಮ್ಮವ್ವ, ಅಷ್ಟು ಗಟ್ಟಿ ಬೀಗತಿ ಸಿಕ್ರ ನನಗೂ ಛಲೋನ ಆಕ್ಕೈತಿ” ಎಂದರು.

ವಿರುಪಾಕ್ಷಪ್ಪ ಮಾತ್ರ ಪಟ್ಟು ಬಿಡಲಿಲ್ಲ. “ಎಲೆಕ್ಟ್ರಿಷಿಯನ್ ಎಲ್ಲಿ, ಕಾರ್ಖಾನೆ ಮಾಲೀಕ ಎಲ್ಲಿ? ಕೊಟ್ರಯ್ಯ, ಇವತ್ತು ಉತ್ತರ ಬೇಕು ಅಂದಿದ್ದೆ. ಬಳ್ಳಾರಿಗೆ ಹ್ಞೂಂ ಅಂತೀರೋ ಇಲ್ಲೋ?”

ಕೊಟ್ರಯ್ಯನವರು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಇನ್ನೂರು ಜನ ಅವರ ಬಾಯನ್ನೇ ನೋಡುತ್ತಿದ್ದರು. ಆ ಬಾಯಿಂದ ನಾನು ಮೂವತ್ತು ವರ್ಷದಲ್ಲಿ ಒಂದು ಸಲವೂ ಕೇಳದ ಪದ ಹೊರಬಂತು.

“ಬ್ಯಾಡ ರೀ.”

“ಏನಂದ್ರಿ?”

“ಬ್ಯಾಡ ಅಂದೆ. ಜನ ಏನರ ಅನ್ಲಿ. ಎರಡು ತಿಂಗಳು ಸಮಾಜದೋರನ್ನೆಲ್ಲ ಕೇಳೀನಿ, ನಿಮ್ಮ ಮಗ ಎಲ್ಲಿರ್ಬೇಕು, ನಿಮ್ಮ ಮಗಳು ಎಲ್ಲಿರ್ಬೇಕು ಅಂತ. ನನ್ನ ಮಗಳನ್ನ ಕೇಳ್ಲೇ ಇಲ್ಲ.” ಅವರು ಮಗಳ ಕಡೆ ತಿರುಗಿದರು. “ತ್ರಿವೇಣಿ, ನೀ ಹೇಳವ್ವ. ನಿನ್ನ ಹೆಸರು ಎಲ್ಲಿ ಹಾಕ್ಲಿ?”

ತ್ರಿವೇಣಿ ಎದ್ದು ನಿಂತಳು. ಮೊದಲು ಕೊಟ್ರಬಸಮ್ಮನ ಹತ್ತಿರ ಹೋದಳು.

“ಅಮ್ಮಾರ, ನಾ ಕೆಲಸ ಬಿಡಂಗಿಲ್ಲ.”

“ಬಿಡು ಅಂದವರ್ಯಾರು? ಅದನ್ನೆಲ್ಲ ನೀನೂ ಅವನೂ ಮಾತಾಡ್ಕೋರಿ. ಪೂರ್ತಿ ಮಾತು ಕೇಳೋ ಒಂದು ನಂಬರ್ ಕೊಟ್ರ ಸಾಕು ನನಗ.”

“ನನ್ನ ನಂಬರ್ ಬ್ಯಾಡ ರೀ. ಅವ್ರ ನಂಬರ್ ಕೊಡ್ರಿ, ನಾನ ಫೋನ್ ಮಾಡ್ತೀನಿ.” ಹೇಳಿದ್ದನ್ನು ಬರೆದುಕೊಂಡು, ಆಮೇಲೆ ಅಪ್ಪನ ಕಡೆ ತಿರುಗಿದಳು. “ಅಪ್ಪಾ, ಮ್ಯಾಲೂ ಬ್ಯಾಡ, ಕೆಳಗೂ ಬ್ಯಾಡ. ಆ ಪಟ್ಟಿಯಿಂದ ನನ್ನ ಹೆಸರು ತೆಗೀರಿ.”

ವಿರುಪಾಕ್ಷಪ್ಪ ಚಪ್ಪಲಿ ಹುಡುಕಿಕೊಂಡು ಹೊರಟರು. ಯಾರೂ ತಡೆಯಲಿಲ್ಲ.

ಕೊಟ್ರಯ್ಯನವರು ಕಂಪ್ಯೂಟರಿನ ಮುಂದೆ ಕೂತರು. ಗಿರೀಶ್ ಬೆರಳು ತೋರಿಸಿದ ಕಡೆ ಒತ್ತಿದರು. ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಒಂದು ಪ್ರಶ್ನೆ ಬಂತು: ‘ಈ ಹೆಸರನ್ನು ಅಳಿಸುವುದು ಖಚಿತವೇ?’

“ಖಚಿತ,” ಎಂದು ಕೊಟ್ರಯ್ಯನವರು ಯಂತ್ರಕ್ಕೆ ಬಾಯಿಬಿಟ್ಟೇ ಹೇಳಿದರು, ಮಗಳ ಮುಖ ನೋಡುತ್ತಾ ಗುಂಡಿ ಒತ್ತಿದರು.

ಗೋಡೆಯ ಮೇಲಿಂದ ತ್ರಿವೇಣಿಯ ಫೋಟೋ ಮಾಯವಾಯಿತು. ಆ ಜಾಗ ಖಾಲಿಯಾದದ್ದೇ ತಡ, ಪಟ್ಟಿಯಲ್ಲಿದ್ದ ಅಷ್ಟೂ ಹೆಸರುಗಳು ಒಂದೊಂದು ಮೆಟ್ಟಿಲು ಮೇಲಕ್ಕೆ ಹತ್ತಿದವು.

“ನಮ್ಮ ಹುಡುಗ ಮ್ಯಾಲೆ ಬಂದ!” ಗವಿಸಿದ್ದಪ್ಪ ಕೂಗಿದರು. ಸಭಾಂಗಣದ ನೂರಾ ನಲವತ್ತೆರಡು ಮನೆಗಳವರೂ ತಮ್ಮ ತಮ್ಮ ಮಕ್ಕಳು ಒಂದು ಸ್ಥಾನ ಏರಿದ ಸಂತೋಷಕ್ಕೆ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ತನ್ನ ಮಗಳಿಗೆಂದೇ ತಿಳಿದ ಕೊಟ್ರಯ್ಯನವರು ಎರಡೂ ಕಡೆ ತಿರುಗಿ, ಯಾರಿಗೂ ಹೆದರದೆ, ಕೈಮುಗಿದರು.